ಮಠದ ಬಿಯರ್‌ಗೆ ಚಿಲ್ಡ್ ಬೇಡ

ಬೆಂಗಳೂರಿಂದ ಬಂದ ಗೆಳೆಯರನ್ನು ಇಲ್ಲಿ ಬೆಲ್ಜಿಯಂನ ಆಂಟ್ವರ್ಪ್‌ನ ಕೆಫೆಗಳಿಗೆ ಕರೆದುಕೊಂಡು ಹೋದರೆ ಅವರು ಕೇಳುವುದು ಎರಡೇ ಪ್ರಶ್ನೆ. ಎಷ್ಟು ಪರ್ಸೆಂಟ್? ಚಿಲ್ಡ್ ಇದೆಯಾ? ನಮ್ಮ ಊರಿನ ಮಾಮೂಲಿ ಬಿಯರ್ ಆದ ಲಾಗರ್‌ಗೆ ಎರಡೂ ಸರಿಯಾದ ಪ್ರಶ್ನೆಗಳೇ. ಆದರೆ ಇಲ್ಲಿನ ಆ್ಯಬಿ ಏಲ್‌ಗಳನ್ನು, ಅಂದರೆ ಕ್ರೈಸ್ತ ಸನ್ಯಾಸಿಗಳ ಮಠಗಳ ಸಂಪ್ರದಾಯದ ಬಿಯರ್‌ಗಳನ್ನು, ಈ ಎರಡರಿಂದ ಅಳೆಯೋಕೆ ಆಗಲ್ಲ.

ವೆಸ್ಟ್‌ಮಲ್ಲೆ ಮಠದ ಟ್ರಿಪೆಲ್, ಅಂದರೆ ಚಿನ್ನದ ಬಣ್ಣದ ಗಟ್ಟಿ ಏಲ್, ತೆಗೆದುಕೊಳ್ಳಿ. ಶೇ. 9.5 ಆಲ್ಕೋಹಾಲ್. ನಮ್ಮಲ್ಲಿ ಸ್ಟ್ರಾಂಗ್ ಅಂತ ಮಾರುವ ಬಿಯರ್‌ಗಿಂತ ಜಾಸ್ತಿ. ಆದರೂ ಗಂಟಲು ಸುಡುವುದಿಲ್ಲ, ಆಲ್ಕೋಹಾಲ್ ಇದೆ ಅಂತಲೇ ಬೇಗ ಗೊತ್ತಾಗುವುದಿಲ್ಲ. ಗಟ್ಟಿತನವನ್ನು ಹೀಗೆ ಅಡಗಿಸಿಡುವುದೇ ಇಲ್ಲಿ ಕೈಚಳಕ. ಕುದಿಸುವಾಗ ಸಕ್ಕರೆ ಹಾಕುತ್ತಾರೆ, ಆದರೆ ಅದು ಸಿಹಿ ಮಾಡೋಕಲ್ಲ. ಯೀಸ್ಟ್ ಆ ಸಕ್ಕರೆಯನ್ನು ಪೂರ್ತಿ ತಿಂದು ಮುಗಿಸುವುದರಿಂದ ಆಲ್ಕೋಹಾಲ್ ಏರುತ್ತದೆ, ಬಿಯರ್ ಮಾತ್ರ ಹಗುರವಾಗಿ, ಒಣದಾಗಿ, ಅಂದರೆ ಸಿಹಿ ಇಲ್ಲದೆ, ಉಳಿಯುತ್ತದೆ. ಬಾಳೆಹಣ್ಣಿನ, ಲವಂಗದ ಘಮವೂ ಯೀಸ್ಟ್‌ನದೇ. ನುಂಗಿದ ಮೇಲೆ ನಾಲಿಗೆಗೆ ಸಿಹಿ ಅಂಟಿಕೊಂಡರೆ, ಹೆಸರು ಎಷ್ಟೇ ದೊಡ್ಡದಿರಲಿ, ಆ ಟ್ರಿಪೆಲ್‌ಗೆ ನಾನು ಮಾರ್ಕ್ಸ್ ಕೊಡಲ್ಲ.

ಇಲ್ಲಿನ ಕೆಫೆಯಲ್ಲಿ ಡುಬ್ಬೆಲ್, ಅಂದರೆ ಕಂದು ಬಣ್ಣದ ಆ್ಯಬಿ ಏಲ್, ಕೇಳಿದರೆ ಹೇಗೆ ಕೊಡುತ್ತಾರೆ ನೋಡಿ. ಅಗಲ ಬಾಯಿಯ ಕಾಲಿರುವ ಗ್ಲಾಸನ್ನು ತಣ್ಣೀರಲ್ಲಿ ಜಾಲಾಡುತ್ತಾರೆ. ಗ್ಲಾಸ್ ವಾಲಿಸಿ, ಒಂದೇ ಧಾರೆಯಲ್ಲಿ ನಿಧಾನವಾಗಿ ಸುರಿಯುತ್ತಾರೆ. ತಳದಲ್ಲಿ ಕೂತ ಯೀಸ್ಟ್ ಬಾಟಲಿಯಲ್ಲೇ ಉಳಿಯಬೇಕು, ಅದಕ್ಕೆ ಕೊನೆಯ ಒಂದು ಸೆಂಟಿಮೀಟರ್ ಬಿಟ್ಟು ಬಾಟಲಿಯನ್ನೂ ಪಕ್ಕದಲ್ಲಿಡುತ್ತಾರೆ. ಜೊತೆಗೆ ಚೀಸ್ ತುಂಡು, ಸಾಸಿವೆ. ಮೊದಲ ಗುಟುಕಲ್ಲಿ ಹುರಿದ ಮಾಲ್ಟ್, ಅಂದರೆ ಮೊಳಕೆ ಬರಿಸಿದ ಬಾರ್ಲಿಯ ರುಚಿ, ಅಷ್ಟೇ ಸಿಗುತ್ತದೆ. ಹತ್ತು ಹನ್ನೆರಡು ಡಿಗ್ರಿಗೆ ಬಂದ ಮೇಲೆ ಒಣದ್ರಾಕ್ಷಿ, ಕರಗಿದ ಬೆಲ್ಲದಂಥ ಪರಿಮಳ ಎದ್ದು ಬರುತ್ತದೆ. ಐಸ್‌ನಷ್ಟು ತಣ್ಣಗಿದ್ದರೆ ಇದ್ಯಾವುದೂ ಮೂಗಿಗೆ ತಾಗುವುದಿಲ್ಲ. ಕಾಫಿಯಲ್ಲಿ ಚಿಕೋರಿ ಒಂದು ಚೂರು ಜಾಸ್ತಿಯಾದರೂ ಪಟ್ಟನೆ ಹಿಡಿಯುವ ಜನ ನಾವು, ಅದೇ ಮೂಗನ್ನು ಬಿಯರ್ ಮುಂದೆ ಯಾಕೆ ಮುಚ್ಚಿಕೊಳ್ಳಬೇಕು?

ಇನ್ನು ಹೆಸರಿನ ಮೋಹ. ಟ್ರಾಪಿಸ್ಟ್ ಎಂಬ ಸನ್ಯಾಸಿ ಪಂಥದ ಷಟ್ಕೋನದ ಲೋಗೋ ಇದ್ದರೆ ಬಿಯರ್ ಮಠದ ಆವರಣದಲ್ಲಿ, ಸನ್ಯಾಸಿಗಳ ಉಸ್ತುವಾರಿಯಲ್ಲಿ ತಯಾರಾಗಿದೆ, ಲಾಭ ಮಠದ ಖರ್ಚಿಗೆ ಮತ್ತು ದಾನಕ್ಕೆ ಹೋಗುತ್ತದೆ ಅಂತ ಅರ್ಥ. ಒಳ್ಳೆಯ ವಿಷಯವೇ, ಆದರೆ ಅದು ರುಚಿಯ ಸರ್ಟಿಫಿಕೇಟ್ ಅಲ್ಲ. ಕೊನೆಯ ಸನ್ಯಾಸಿಗಳು ಹೊರಟುಹೋದರು ಅಂತ 2021ರಲ್ಲಿ ಆಹೆಲ್ ಮಠದ ಬಿಯರ್ ಆ ಲೋಗೋ ಕಳೆದುಕೊಂಡಿತು, ಅದಕ್ಕೂ ಬಿಯರ್‌ನ ರುಚಿಗೂ ಸಂಬಂಧ ಇರಲಿಲ್ಲ. ವೆಸ್ಟ್‌ಫ್ಲೆಟೆರೆನ್ ಮಠದ 12 ಎಂಬ ಬಿಯರ್‌ಗೆ ಜನ ಮರುಮಾರಾಟದಲ್ಲಿ ಮೂರು ನಾಲ್ಕು ಪಟ್ಟು ದುಡ್ಡು ಸುರಿಯುತ್ತಾರೆ. ಹತ್ತಿರದ ವಾಟೋ ಊರಿನ ಸಿಂಟ್ ಬರ್ನಾರ್ಡಸ್ ಬ್ರೂವರಿ 1946ರಿಂದ 1992ರವರೆಗೆ ಅದೇ ಮಠದ ಬಿಯರನ್ನು ಲೈಸೆನ್ಸ್ ಪಡೆದು ಮಾಡುತ್ತಿತ್ತು. ಅದರ ಆಬ್ಟ್ 12 ಇಲ್ಲಿ ಮಾಮೂಲಿ ಅಂಗಡಿಯಲ್ಲೇ ಸಿಗುತ್ತದೆ. ಲೇಬಲ್ ಮುಚ್ಚಿ ಎರಡನ್ನೂ ಕುಡಿದು ನೋಡಿ, ಆಮೇಲೆ ಮಾತಾಡೋಣ.

ಸ್ಪರ್ಧೆಗಳ ಅಂಕಪಟ್ಟಿಯನ್ನೂ ನಾನು ಪೂರ್ತಿ ನಂಬುವುದಿಲ್ಲ. ಬಿಯರ್ ತೀರ್ಪುಗಾರರ ಸಂಸ್ಥೆಯಾದ ಬಿಜೆಸಿಪಿಯ ಪದ್ಧತಿಯಲ್ಲಿ 50ಕ್ಕೆ ರುಚಿಗೆ 20, ಪರಿಮಳಕ್ಕೆ 12, ನೋಟಕ್ಕೆ ಬರೀ 3. ಮೂಗಿಗೆ ಇಷ್ಟು ಬೆಲೆ ಕೊಟ್ಟಿದ್ದು ಒಪ್ಪುವ ಮಾತೇ. ಆದರೆ ಓರ್ವಾಲ್ ಮಠದ ಬಿಯರ್ ಯಾವ ಸ್ಟೈಲ್‌ನ ಚೌಕಟ್ಟಿಗೂ ಸರಿಯಾಗಿ ಕೂರಲ್ಲ. ಹೊಸದಾಗಿದ್ದಾಗ ಬಿಯರ್‌ಗೆ ಹಾಕುವ ಹೂವಾದ ಹಾಪ್ಸ್‌ನ ಕಹಿ, ಘಮ ಮುಂದಿರುತ್ತದೆ. ಬ್ರೆಟ್ಟನೊಮೈಸಿಸ್ ಅನ್ನುವ ಕಾಡು ಯೀಸ್ಟ್ ಬಾಟಲಿಯೊಳಗೂ ಕೆಲಸ ಮಾಡುತ್ತಲೇ ಇರುವುದರಿಂದ, ಆರು ತಿಂಗಳ ಮೇಲೆ ಅದು ಬೇರೆಯೇ ಬಿಯರ್: ಇನ್ನೂ ಒಣ, ಸ್ವಲ್ಪ ಮಣ್ಣಿನ, ಚರ್ಮದ ವಾಸನೆ. ಕೆಲವು ಕೆಫೆಗಳಲ್ಲಿ ಹೊಸದಾ, ಹಳೆಯದಾ ಅಂತ ಕೇಳಿಯೇ ಕೊಡುತ್ತಾರೆ. ನನಗೆ ಹಳೆಯದೇ ಇಷ್ಟ.

ಬೆಂಗಳೂರಿನ ಬ್ರೂಪಬ್‌ಗಳಲ್ಲೂ ಈಗ ಬೆಲ್ಜಿಯನ್ ಶೈಲಿಯ ಏಲ್ ಸಿಗುತ್ತದೆ, ಖುಷಿಯ ವಿಷಯ. ಅಲ್ಲಿ ಟ್ರಿಪೆಲ್ ಕಂಡರೆ ದೊಡ್ಡ ಮಗ್ ಬೇಡ ಅನ್ನಿ, ಸಣ್ಣ ವೈನ್ ಗ್ಲಾಸ್ ಕೇಳಿ. ತಂದಿಟ್ಟ ಮೇಲೆ ಒಂದು ಕಾಲು ಗಂಟೆ ಸುಮ್ನೆ ಬಿಡಿ. ಆಮೇಲೆ ಮೂಸಿ, ಕುಡಿದು, ಚೆನ್ನಾಗಿಲ್ಲ ಅನಿಸಿದರೆ ಯಾಕೆ ಅಂತ ಬ್ರೂವರ್‌ಗೇ ಹೇಳಿ.