ಮೂಲೆಯ ಚೌಕದಲ್ಲಿ ನಮ್ಮದೇ ಮುಖ

ನಾಲ್ಕು ಜನ ಕೂತು ಹರಟೆ ಹೊಡೆಯುವಾಗ ನಮಗೆ ಕಾಣದ ಮುಖ ಒಂದೇ. ಅದು ನಮ್ಮದು. ಕಾಣುವುದಿಲ್ಲ ಅನ್ನುವ ಧೈರ್ಯದಲ್ಲೇ ಹುಬ್ಬು ಏರಿಸುತ್ತೇವೆ, ಮೂಗು ತುರಿಸಿಕೊಳ್ಳುತ್ತೇವೆ, ಬಾಯಿ ತುಂಬ ಚಕ್ಕುಲಿ ಇಟ್ಟುಕೊಂಡು ರಾಜಕೀಯ ಹೇಳುತ್ತೇವೆ. ವಿಡಿಯೊ ಮೀಟಿಂಗ್ ಬಂದಮೇಲೆ ಆ ಸುಖ ಹೋಯಿತು. ಪರದೆಯ ಮೂಲೆಯಲ್ಲೊಂದು ಚೌಕ, ಅದರೊಳಗೆ ನಾವು. ಯಾರು ಏನೇ ಹೇಳುತ್ತಿರಲಿ, ಕಣ್ಣು ಜಾರುವುದು ಅಲ್ಲಿಗೇ.

ಮೈಸೂರಿನ ದೊಡ್ಡಪ್ಪನ ಹಳೇ ಡೆಸ್ಕ್‌ಟಾಪಿಗೆ ಇದನ್ನೆಲ್ಲ ಜೋಡಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅವರಿಗೆ ಮೊಬೈಲ್ ಆಗದು. "ಅದರಲ್ಲಿ ಮೊಮ್ಮಗಳ ಮುಖ ಅಂಚೆಚೀಟಿ ಥರ ಕಾಣುತ್ತೆ ಕಣೋ" ಅನ್ನುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಯುಎಸ್‌ಬಿ ವೆಬ್‌ಕ್ಯಾಮ್ ಕೊಂಡು ಹೋಗಿ ಮಾನಿಟರಿನ ತಲೆಗೆ ಸಿಕ್ಕಿಸಿದೆ. ಸಾಫ್ಟ್‌ವೇರ್ ಇಳಿಸಿಕೊಳ್ಳುವುದೇನೂ ದೊಡ್ಡದಲ್ಲ. ಆಮೇಲೆ ಅದು "ಯಾವ ಮೈಕು, ಯಾವ ಸ್ಪೀಕರು?" ಅಂತ ಒಂದು ಪಟ್ಟಿ ಮುಂದಿಡುತ್ತದಲ್ಲ, ಕಷ್ಟ ಇರುವುದು ಅಲ್ಲಿ. ಮೈಕು ವೆಬ್‌ಕ್ಯಾಮಿನಲ್ಲಿದೆ, ಸಿಪಿಯು ಹಿಂಬದಿಯ ಮೈಕಿನ ತೂತೂ ಪಟ್ಟಿಯಲ್ಲಿದೆ. ಎಚ್‌ಡಿಎಂಐ ಕೇಬಲ್ ಚಿತ್ರದ ಜೊತೆ ಸದ್ದನ್ನೂ ಸಾಗಿಸುವುದರಿಂದ ಮಾನಿಟರ್ ಕೂಡ ಸ್ಪೀಕರ್ ಅಂತ ಹೆಸರು ಬರೆಸಿಕೊಂಡಿದೆ. ಅದಕ್ಕೆ ಸ್ಪೀಕರೇ ಇಲ್ಲ! ಸಾಫ್ಟ್‌ವೇರ್ ಮೊದಲು ಆರಿಸಿಕೊಂಡದ್ದು ಅದನ್ನೇ. ನ್ಯೂಜೆರ್ಸಿಯ ಅಕ್ಕ ಬಾಯಿ ಆಡಿಸುತ್ತಿದ್ದಳು, ಇಲ್ಲಿ ನಿಶ್ಶಬ್ದ.

ಪಟ್ಟಿಯಲ್ಲಿ ಬೇರೆ ಸ್ಪೀಕರ್ ಹಿಡಿದ ಮೇಲೆ ಧ್ವನಿ ಬಂತು. ಆ ಖುಷಿಗೆ ದೊಡ್ಡಮ್ಮ ಅಡುಗೆಮನೆಯಿಂದಲೇ ತಮ್ಮ ಫೋನಿನಲ್ಲಿ ಅದೇ ಮೀಟಿಂಗಿಗೆ ಸೇರಿಕೊಂಡರು. ಕೂಯ್ಯ್ ಅಂತ ಒಂದು ಕೂಗೆದ್ದಿತು. ಕಂಪ್ಯೂಟರಿಗೆ ತನ್ನ ಸ್ಪೀಕರಿನಿಂದ ಹೊರಟ ಸದ್ದು ಯಾವುದು ಅಂತ ಗೊತ್ತು. ಅದು ಮೈಕಿಗೆ ಮರಳಿ ಬಂದರೆ ಕಳೆದುಹಾಕುತ್ತದೆ. ಪಕ್ಕದ ಕೋಣೆಯ ಫೋನು ಏನು ಒದರುತ್ತಿದೆ ಅಂತ ಅದಕ್ಕೆ ತಿಳಿಯುವ ದಾರಿಯಿಲ್ಲ. ಹಾಗಾಗಿ ಇವೆರಡೂ ಒಂದನ್ನೊಂದು ಕೇಳಿಸಿಕೊಂಡು ಒಂದಕ್ಕೊಂದು ಹೇಳುತ್ತಾ ಹೋಗುತ್ತವೆ. ಯಾರಾದರೊಬ್ಬರು ಮ್ಯೂಟ್ ಆಗಬೇಕು, ಸ್ಪೀಕರನ್ನೂ ಬಂದ್ ಮಾಡಬೇಕು ಅಂದೆ. "ನನ್ನ ಮನೇಲಿ ನಾನ್ಯಾಕೆ ಮ್ಯೂಟ್ ಆಗ್ಲಿ?" ಅಂದರು ದೊಡ್ಡಮ್ಮ. ದೊಡ್ಡಪ್ಪ ಮ್ಯೂಟ್ ಆದರು. ಅವರಿಗೆ ಅಭ್ಯಾಸವಿದೆ.

ಇಷ್ಟೆಲ್ಲ ಸರಿಹೋದ ಮೇಲೆ ದೊಡ್ಡಪ್ಪ ಮೊಮ್ಮಗಳನ್ನು ಬಿಟ್ಟು ಮೂಲೆಯ ಚೌಕ ನೋಡತೊಡಗಿದರು. ಬೆನ್ನ ಹಿಂದಿನ ಕ್ಯಾಲೆಂಡರಿನ ಅಕ್ಷರವೆಲ್ಲ ಉಲ್ಟಾ! "ಎಲ್ಲರಿಗೂ ಹೀಗೇ ಕಾಣ್ತಿದೆಯೇನೋ?" ಇಲ್ಲ, ಎದುರಿನವರಿಗೆ ನೆಟ್ಟಗೇ ಕಾಣುತ್ತದೆ. ನಮಗೆ ಮಾತ್ರ ನಮ್ಮನ್ನು ಕನ್ನಡಿಯ ಹಾಗೆ ಎಡಬಲ ತಿರುಗಿಸಿ ತೋರಿಸುತ್ತದೆ. ನಂಬಲಿ ಅಂತ ಸೆಟ್ಟಿಂಗ್ಸಿಗೆ ಹೋಗಿ ಅದನ್ನು ತೆಗೆದು ತೋರಿಸಿದೆ. ಅಕ್ಷರ ನೆಟ್ಟಗಾಯಿತು, ದೊಡ್ಡಪ್ಪ ಸೊಟ್ಟಗಾದರು. ಬೈತಲೆ ಆ ಕಡೆ ಹೋಯಿತು, ಮೀಸೆಯ ಒಂದು ತುದಿ ಇಳಿದಂತಾಯಿತು. "ಇದ್ಯಾರೋ ಇದು? ಮೊದಲಿನ ಥರ ಮಾಡು." ನಿಜ ಅಂದರೆ ಊರಿಗೆಲ್ಲ ಗೊತ್ತಿರುವ ದೊಡ್ಡಪ್ಪ ಅದೇ. ಬೆಳಿಗ್ಗೆ ಗಡ್ಡ ಹೆರೆಯುವಾಗ ಕಾಣುವ ಇನ್ನೊಬ್ಬರು ಅವರೊಬ್ಬರಿಗೇ ಪರಿಚಯ. ನಾನು ವಾದ ಮಾಡದೆ ಮೊದಲಿನ ಥರ ಮಾಡಿಕೊಟ್ಟೆ.

ಇನ್ನು ಕಣ್ಣು. ಕ್ಯಾಮೆರಾ ಮಾನಿಟರಿನ ಮೇಲಿದೆ, ಮೊಮ್ಮಗಳ ಕಣ್ಣು ಒಂದು ಗೇಣು ಕೆಳಗಿದೆ. ಅವಳನ್ನು ನೋಡಿ ಮಾತಾಡಿದರೆ ಅವಳಿಗೆ ಅಜ್ಜನ ರೆಪ್ಪೆ ಕಾಣುತ್ತದೆ. ಕ್ಯಾಮೆರಾ ನೋಡಿದರೆ ಅಜ್ಜನಿಗೆ ಅವಳು ಕಾಣುವುದಿಲ್ಲ. ಇಬ್ಬರೂ ಒಟ್ಟಿಗೆ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಹಾಗೇ ಇಲ್ಲ. "ಅಪ್ಪ, ಯಾರನ್ನ ನೋಡ್ತಿದ್ದೀರಾ?" ಅಂತ ಅಕ್ಕ ಪದೇ ಪದೇ ಕೇಳುತ್ತಿದ್ದಳು. ಅವಳ ಕಿಟಕಿಯನ್ನು ಚಿಕ್ಕದು ಮಾಡಿ, ಕ್ಯಾಮೆರಾದ ಬುಡಕ್ಕೇ ಎಳೆದಿಟ್ಟೆ. ಸುಮಾರಾಗಿ ಸರಿಹೋಯಿತು. ಅಷ್ಟರಲ್ಲಿ ದೊಡ್ಡಮ್ಮ ಬಂದು ಹಣೆಯ ಸ್ಟಿಕ್ಕರ್ ಬೊಟ್ಟು ತೆಗೆದು ಕ್ಯಾಮೆರಾದ ಪಕ್ಕಕ್ಕೆ ಅಂಟಿಸಿ, "ಮಾತಾಡುವಾಗ ಇದನ್ನ ನೋಡಿ" ಅಂದರು. ಬಚ್ಚಲುಮನೆ ಕನ್ನಡಿಗೆ ಅಂಟಿಸಿ ಅಂಟಿಸಿ ರೂಢಿಯಾದ ಕೈ. ಯಾವ ಎಂಜಿನಿಯರೂ ಇದಕ್ಕಿಂತ ಅಗ್ಗದ ಉಪಾಯ ಕೊಟ್ಟಿರಲಾರ.

ಮುಖದ ಈ ತಾಪತ್ರಯ ಹೊಸದಲ್ಲ. 1970ರಲ್ಲೇ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಎಟಿ ಆಂಡ್ ಟಿ ಕಂಪನಿ 'ಪಿಕ್ಚರ್‌ಫೋನ್' ಅಂತ ಮುಖ ಕಾಣುವ ಫೋನು ಮಾರಲು ಹೊರಟಿತ್ತು. ವಿಪರೀತ ದುಬಾರಿ, ಜನ ಕೊಳ್ಳಲಿಲ್ಲ. ಮೇಜಿನ ಕಂಪ್ಯೂಟರಿಗೆ ಇದು ಇಳಿದದ್ದು 1992ರಲ್ಲಿ. ಕಾರ್ನೆಲ್ ವಿಶ್ವವಿದ್ಯಾಲಯದವರು ಮ್ಯಾಕಿಂಟೋಷಿಗೆ 'ಸಿಯು-ಸೀಮಿ' ಅನ್ನುವ ಸಾಫ್ಟ್‌ವೇರ್ ಮಾಡಿದರು. ಶುರುವಿಗೆ ಚಿತ್ರ ಮಾತ್ರ, ಧ್ವನಿ ಇಲ್ಲ. ಚಿತ್ರವೂ ಬರೀ 16 ಬಗೆಯ ಬೂದು ಬಣ್ಣದಲ್ಲಿ. ನನಗಂತೂ ಅದೇ ವಾಸಿ ಅನ್ನಿಸುತ್ತದೆ. 16 ಬೂದಿನಲ್ಲಿ ಕಣ್ಣಿನ ಕೆಳಗಿನ ಕಪ್ಪು ಯಾರಿಗೆ ಕಾಣಬೇಕು? ಈಗ ಮುಖದ ಸುಕ್ಕೆಲ್ಲ ಕಾಣುವಷ್ಟು ಚೆನ್ನಾಗಿ ತೋರಿಸಿ, ಆಮೇಲೆ ಅದನ್ನು ಮರೆಮಾಚಲು ಇನ್ನೊಂದು ಬಟನ್ ಕೊಟ್ಟಿದ್ದಾರೆ.

ನಮ್ಮ ಮುಖ ನಮಗೆ ಕಾಣದಂತೆ ಮಾಡುವ ಬಟನ್ನೂ ಇದೆ. ಝೂಮ್‌ನಲ್ಲಾದರೆ ಚೌಕದ ಮೂರು ಚುಕ್ಕಿ ಒತ್ತಿದರೆ ಸಿಗುತ್ತದೆ. ನಾನು ಅದನ್ನು ಒತ್ತಿದ ಮೇಲೆ ಮೀಟಿಂಗಿನಲ್ಲಿ ಬೇರೆಯವರ ಮಾತು ಕಿವಿಗೆ ಬೀಳತೊಡಗಿತು. ದೊಡ್ಡಪ್ಪನಿಗೂ ಹಾಗೇ ಮಾಡಿಕೊಟ್ಟೆ. ಮಾರನೆಯ ದಿನವೇ ಫೋನ್ ಬಂತು. "ನನ್ನ ಚೌಕ ಎಲ್ಲಿ ಹೋಯ್ತೋ? ನಾನು ಮೀಟಿಂಗಲ್ಲಿ ಇದೀನೋ ಇಲ್ವೋ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

ವಾಪಸ್ ತರುವುದು ಹೇಗೆ ಅಂತ ಹೇಳಿದೆ. ಈಗ ಭಾನುವಾರ ರಾತ್ರಿ ಎಲ್ಲರೂ ಸೇರುತ್ತೇವೆ. ಝೂಮ್‌ನಲ್ಲಿ ಗುಂಪಿನ ಮೀಟಿಂಗಿಗೆ ಬಿಟ್ಟಿಯಾಗಿ ಸಿಗುವುದು 40 ನಿಮಿಷ. ಮೂವತ್ತೆಂಟು ನಿಮಿಷ ಮಳೆ, ಮಾವಿನಕಾಯಿ, ಯಾರದೋ ಮದುವೆ. ಅಮ್ಮನ ಬಿಪಿ, ಸೈಟಿನ ಗಲಾಟೆ ಎಲ್ಲ ಬರುವುದು ಕೊನೆಯ ಎರಡು ನಿಮಿಷದಲ್ಲೇ. ಅದು ಅರ್ಧಕ್ಕೇ ಕಟ್ಟಾಗುತ್ತದೆ. ಆಮೇಲೆ ಅಕ್ಕ ಮಾಮೂಲಿ ಫೋನ್ ಮಾಡುತ್ತಾಳೆ.