ಅಕ್ಕನ ಕೈಗೆ ಗ್ಲೌಸ್ ಯಾಕಿರಲಿಲ್ಲ

ರಾಯಚೂರಿನ ಬಾತ್‌ರೂಮುಗಳ ಕತೆ ಗೊತ್ತಿದ್ದೋರಿಗೆ ಗೊತ್ತು. ಬೋರಿನ ಸವಳು ನೀರು, ಎರಡು ವಾರ ಬಿಟ್ಟರೆ ಟೈಲ್ಸ್ ಮೇಲೆ ಸುಣ್ಣ ಬಳಿದಂಗೆ ಬಿಳಿ ಪದರ. ಅದಕ್ಕೆ ಆಸಿಡ್. ತಳ್ಳುಗಾಡಿಯವನು ಕುಡಿಯೋ ನೀರಿನ ಹಳೇ ಬಾಟಲಿಯಲ್ಲೇ ತುಂಬಿ ಕೊಡ್ತಾನೆ. ಚಿಲ್ಲರೆ ಆಸಿಡ್ ಮಾರೋರು ಕೊಂಡವರ ವಿವರ ಬರೆದಿಡಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಆ ರಿಜಿಸ್ಟರ್ ನಮ್ಮ ಓಣಿಗೆ ಇನ್ನೂ ಬಂದಿಲ್ಲ.

ಅವ್ವನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲೆ ಹಗಲಲ್ಲಿ ನೋಡಿಕೊಳ್ಳೋಕೆ ಒಬ್ಬ ಅಕ್ಕ ಬರ್ತಾರೆ. ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ, ಬಿಸಿಲಿಗೆ ಹೆದರಿ ಮನೆ ಕಿಟಕಿಯೆಲ್ಲ ಮುಚ್ಚಿದ್ವಿ. ಅಕ್ಕ ಆಸಿಡ್ ಹಾಕಿ ನೆಲ ಉಜ್ಜಿದ್ದರು. ಮೂತ್ರದ ವಾಸನೆ ಇನ್ನೂ ಹೋಗಿಲ್ಲ ಅನ್ನಿಸಿ, ಹಾಲ್‌ನಲ್ಲಿ ಕೂತಿದ್ದ ನಾನೇ ಕೂಗಿ ಹೇಳಿದೆ: ಅದರ ಮ್ಯಾಲೆ ಬ್ಲೀಚಿಂಗ್ ಪೌಡರ್ ಹಾಕ್ರಿ.

ಎರಡು ನಿಮಿಷ ಆಗಿರಲಿಲ್ಲ, ಬಾಯಿಗೆ ಸೆರಗು ಹಿಡಿದು ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದರು. ಕಣ್ಣು ಕೆಂಡ, ಕೆಮ್ಮು ನಿಲ್ಲವಲ್ದು. "ಮೆಣಸಿನಕಾಯಿ ಘಾಟು ಎದಿಯಾಗ ಕುಂತಂಗ ಆಗೇತ್ರಿ" ಅಂದರು. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿ ಸಂಜೆವರೆಗೆ ಇಟ್ಟುಕೊಂಡರು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: ಯಾವ ಆಸಿಡ್, ಬಾಟಲಿ ಮೇಲೆ ಏನಿತ್ತು? ಏನಂತ ಹೇಳಲಿ, ಮಿನರಲ್ ವಾಟರ್ ಅಂತಿತ್ತು.

ಬ್ಲೀಚಿಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತೆ. ಗಾಳಿಗಿಂತ ಭಾರ, ನೆಲದ ಹತ್ತಿರವೇ ನಿಲ್ಲುತ್ತೆ, ಕುಕ್ಕರುಗಾಲಲ್ಲಿ ಕೂತು ಉಜ್ಜುವವರ ಮುಖ ಇರೋದೂ ಅಲ್ಲೇ. ನಿಂಬೆಹಣ್ಣು, ವಿನೆಗರ್ ಹಾಕಿದರೂ ಅದೇ ಕತೆ, ಅವೂ ಆಸಿಡ್ಡೇ. ಬೆಡ್‌ಪ್ಯಾನಿನ ಮೂತ್ರದ ಮೇಲೆ ಬ್ಲೀಚ್ ಸುರಿದರೆ ಕ್ಲೋರಮೈನ್ ಅನ್ನೋ ಅನಿಲ, ಅದೂ ಎದೆ ಸುಡೋದೇ. ಮೊದಲು ಚೆಲ್ಲಿ, ಸೋಪು ನೀರಲ್ಲಿ ತೊಳೆದು, ಆಮೇಲೆ ತಣ್ಣೀರಲ್ಲಿ ಕಲಸಿದ ಬ್ಲೀಚ್, ಕಿಟಕಿ ತೆರೆದು. ಗಲೀಜಿನ ಮೇಲೆ ಸುರಿದ ಬ್ಲೀಚ್ ಹೇಗೂ ಸರಿಯಾಗಿ ಕೆಲಸ ಮಾಡಲ್ಲ.

ಸಿಂಧನೂರು ಕಡೆ ಭತ್ತ ಬೆಳೆಯೋ ನಮ್ಮ ಮಾವನಿಗೆ ಎಣ್ಣಿ (ಕೀಟನಾಶಕ) ಡಬ್ಬಿ ಮೇಲಿನ ಬಣ್ಣದ ಗುರುತು ಬಾಯಿಪಾಠ: ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಹೊಲದ ವಿಷಕ್ಕೆ ಇಷ್ಟು ಮರ್ಯಾದೆ. ಮನೆಯೊಳಗಿನ ವಿಷಕ್ಕೆ ಒಂದು ಚೀಟಿಯೂ ಇಲ್ಲ.

ನನಗೆ ಹೆಚ್ಚು ನಾಚಿಕೆ ಆಗಿದ್ದು ಬೇರೆ ವಿಷಯಕ್ಕೆ. ಅವ್ವನಿಗೆ ಇನ್ಸುಲಿನ್ ಇದೆ. ದಿನಾ ಸೂಜಿಯನ್ನ ಮುಚ್ಚಳ ಹಾಕಿ ಕ್ಯಾರಿಬ್ಯಾಗಿಗೆ ಎಸೆದು ಕಸದ ಗಾಡಿಗೆ ಕೊಡ್ತಿದ್ದೆ. ಅಕ್ಕನ ಹೆಬ್ಬೆರಳಿಗೆ ಎರಡು ಸಲ ಚುಚ್ಚಿದೆ ಅನ್ನೋದು ನನಗೆ ಗೊತ್ತಾಗಿದ್ದು ಆವತ್ತು ಆಸ್ಪತ್ರೆಯಲ್ಲಿ. ಹೇಳಿರಲಿಲ್ಲ. ಹೇಳಿದರೆ ಕೆಲಸ ಹೋದೀತು ಅಂತ. ಮನೆಯಲ್ಲಿ ಬಳಸಿದ ಸೂಜಿ, ಸಿರಿಂಜು ಅಪಾಯಕಾರಿ ಕಸ, ಬೇರೆಯಾಗಿಯೇ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಹೇಳಿತ್ತು. ಈಗ ದಪ್ಪನೆ ಡಿಟರ್ಜೆಂಟ್ ಡಬ್ಬಿ ಇಟ್ಟಿದ್ದೀನಿ. ಚುಚ್ಚಿದ ತಕ್ಷಣ ಸೂಜಿ ಅದರೊಳಗೆ, ಮುಚ್ಚಳ ವಾಪಸ್ ಹಾಕೋ ಉಸಾಬರಿ ಇಲ್ಲ. ಬೇರೆಯವರಿಗೆ ಬಳಸಿದ ಸೂಜಿ ಚುಚ್ಚಿಕೊಂಡರೆ ಬೆರಳು ಹಿಂಡಬಾರದು, ಹರಿಯೋ ನೀರಲ್ಲಿ ಸೋಪು ಹಾಕಿ ತೊಳೆದು ಆದಷ್ಟು ಬೇಗ ಡಾಕ್ಟರ ಹತ್ತಿರ ಹೋಗಬೇಕು. ಎಚ್‌ಐವಿ ತಡೆಯೋ ಮಾತ್ರೆ ಬೇಕಾದರೆ 72 ಗಂಟೆಯೊಳಗೆ ಶುರುವಾಗಬೇಕು.

"ಅವರಿಗೆ ತಿಳುವಳಿಕೆ ಕಮ್ಮಿ" ಅಂತ ಕಾಮೆಂಟ್ ಹಾಕೋರು ದಯವಿಟ್ಟು ಸುಮ್ಮನಿರಿ. ಆಸಿಡ್, ಬ್ಲೀಚ್ ಎರಡನ್ನೂ ಕಲಸೋಕೆ ಹೇಳಿದವನು ಡಿಗ್ರಿ ಓದಿದವನು. ಸಂಬಳ ಕೊಡ್ತೀವಿ ಅಂದಮೇಲೆ ಗ್ಲೌಸ್, ತೆರೆದ ಕಿಟಕಿ, ಲೇಬಲ್ ಇರೋ ಬಾಟಲಿ ಕೊಡೋದೂ ನಮ್ಮ ಲೆಕ್ಕಕ್ಕೇ.

ಈಗ ಅಂಗಡಿಯ ಸೀಲ್ ಇರೋ ಬಾಟಲಿಯನ್ನೇ ತರ್ತೀನಿ. ಆದರೆ ಅಕ್ಕನಿಗೆ ಓದು ಬರಲ್ಲ, ನಾನು ತಂದ ಲೇಬಲ್ ಅವರಿಗೆ ಬರೀ ಬಣ್ಣದ ಕಾಗದ. ಹಾಗಾಗಿ ಅವರೇ ಆಸಿಡ್ ಬಾಟಲಿಯ ಕುತ್ತಿಗೆಗೆ ಕೆಂಪು ದಾರ ಕಟ್ಟಿದ್ದಾರೆ, ಕತ್ತಲಲ್ಲಿ ಮುಟ್ಟಿದರೂ ಗೊತ್ತಾಗೋ ಹಾಗೆ ಮೂರು ಗಂಟು. ಗ್ಲೌಸ್ ಒಳಗೆ ಬೆವರು ಅಂತ ಬೈಕೊಂಡೇ ಹಾಕ್ಕೊಳ್ತಾರೆ. ಮೊನ್ನೆ ನಾನು ಬಚ್ಚಲಿಗೆ ಕೈ ಹಾಕಿದ್ದೇ ತಡ, ಅವ್ವನ ಕೋಣೆಯಿಂದ ಅಕ್ಕನ ದನಿ ಬಂತು: "ದಾರ ನೋಡ್ರಿ ಮೊದಲ!"