ಶಾಲು ಸಾಕು, ಹನ್ನೆರಡು ನಿಮಿಷ ಕೊಡಿ

ಕೋಪ ಇಳಿಯಲಿ ಎಂದು ಎರಡು ದಿನ ಕಾದೆ. ಇಳಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಅಕ್ಟೋಬರ್ 1, ವಿಶ್ವ ಹಿರಿಯ ನಾಗರಿಕರ ದಿನ. ಕಲಬುರಗಿಯ ಒಂದು ಸಭಾಂಗಣದಲ್ಲಿ ಕಾರ್ಯಕ್ರಮ (ಹೆಸರು ಬೇಡ, ಮತ್ತೆ ಅಲ್ಲಿಗೇ ಹೋಗಬೇಕು). ಹದಿನೈದು ದಿನದಿಂದ ಸಂಜೆ ಫೋನ್ ಎತ್ತುತ್ತಿಲ್ಲ ಎಂದು ಮುನಿಸಿಕೊಂಡವರಿಗೆ ಈಗ ಕಾರಣ ಹೇಳುತ್ತೇನೆ: ಅರವತ್ತು ದಾಟಿದ ಹದಿನಾಲ್ಕು ಜನ ರಂಗ ಕಾರ್ಯಾಗಾರದಲ್ಲಿದ್ದೆವು. ಕೊನೆಯ ದಿನ ಹನ್ನೆರಡು ನಿಮಿಷದ ನಾಟಕ ಆಡಬೇಕಿತ್ತು. ಆಡಲಿಲ್ಲ. ಏಕೆಂದರೆ ನಮಗೆ ಸನ್ಮಾನ ಮಾಡಬೇಕಿತ್ತು.

ದೀಪ, ಸಸಿಗೆ ನೀರು, ಸ್ವಾಗತ, ಪ್ರಾಸ್ತಾವಿಕ, ಆಮೇಲೆ ಐವರು ಅತಿಥಿಗಳು. ಐವರೂ ನಮ್ಮನ್ನು ಆಲದ ಮರಕ್ಕೆ ಹೋಲಿಸಿದರು. ಕೊನೆಯವರಿಗೆ ಕ್ಷಮೆಯಿದೆ, ಅವರು ತಡವಾಗಿ ಬಂದಿದ್ದರು. ಗಂಟೆ ಒಂದೂವರೆ ಆಯಿತು. ಊಟ ಆರುತ್ತಿದೆ ಎಂದು ವೇದಿಕೆಗೆ ಚೀಟಿ ಹೋಯಿತು. ನಿರೂಪಕ ಮೈಕಿನಲ್ಲಿ, "ಸಮಯದ ಅಭಾವದಿಂದ ಕಿರುನಾಟಕ ಕೈಬಿಡಲಾಗಿದೆ, ಹಿರಿಯ ಜೀವಗಳು ದಯವಿಟ್ಟು ಕುಳಿತುಕೊಳ್ಳಬೇಕು, ಕುಳಿತಲ್ಲಿಗೇ ಬಂದು ಗೌರವಿಸುತ್ತೇವೆ" ಎಂದ. ನಾವು ಪರದೆಯ ಹಿಂದೆ ರುಮಾಲು ಸುತ್ತಿಕೊಂಡು, ಕಾಗದದ ಕೊಂಬು ಕಟ್ಟಿಕೊಂಡು ನಿಂತಿದ್ದೆವು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಓಡಿ ಬಂದು, "ಅಕ್ಕೋರೇ, ನಿಂತೇ ಇದ್ದೀರಲ್ಲ, ಕುಳಿತುಕೊಳ್ಳಿರಿ" ಎಂದು ಕುರ್ಚಿ ಎಳೆದ. ಮೂವತ್ತೆರಡು ವರ್ಷ ಅವನಂಥ ಹುಡುಗರಿಗೆ ನಾನು ಹೇಳಿದ್ದೂ ಅದೇ ಮಾತು. ಬಡ್ಡಿ ಸಮೇತ ವಾಪಸ್ ಬಂತು.

ಕುಳಿತುಕೊಳ್ಳಿ! ಮದುವೆಗೆ ಹೋದರೆ ಕುಳಿತುಕೊಳ್ಳಿ, ಬ್ಯಾಂಕಿಗೆ ಹೋದರೆ ಕುಳಿತುಕೊಳ್ಳಿ, ಅಡುಗೆಮನೆಗೆ ಕಾಲಿಟ್ಟರೆ "ಅತ್ತೆ, ನೀವು ಕುಳಿತುಕೊಳ್ಳಿ, ನಾನು ಮಾಡುತ್ತೇನೆ." ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ. ಅದಕ್ಕೇ ಜಗಳ ತೆಗೆಯುವಂತೆಯೂ ಇಲ್ಲ.

ಕಾರ್ಯಾಗಾರ ನಡೆಸಿದವಳು ನನ್ನ ಮಗಳ ವಯಸ್ಸಿನ ಹುಡುಗಿ. ಮೊದಲ ದಿನವೇ ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ ಒಂದು ನಿಯಮ ಮಾಡಿದಳು: ಸುಸ್ತಾದವರು ತಾವಾಗಿ ಹೋಗಿ ಕೂರಬಹುದು, ಆದರೆ ಯಾರೂ ಯಾರಿಗೂ "ಕುಳಿತುಕೊಳ್ಳಿ" ಎನ್ನುವಂತಿಲ್ಲ. ನನಗೆ ಅಲ್ಲಿಗೇ ಅವಳು ಮೆಚ್ಚುಗೆಯಾದಳು.

ಎರಡನೆಯ ದಿನ ಕನ್ನಡಿಯಾಟ. ಇಬ್ಬರು ಎದುರುಬದುರು ನಿಲ್ಲುವುದು, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕನ್ನಡಿಯಂತೆ ಮಾಡುವುದು. ನಮ್ಮಲ್ಲೊಬ್ಬ ಕಾಕಾ ಇದ್ದಾರೆ, ಕಿವಿ ಬಹಳ ಮಂದ. ಹೇಳಿದ್ದನ್ನು ಎರಡನೆಯ ಸಲ ಹೇಳುವ ವ್ಯವಧಾನ ಮನೆಯಲ್ಲಿ ಯಾರಿಗೂ ಇಲ್ಲದ್ದರಿಂದ ಅವರು ಮಾತನ್ನೇ ಬಿಟ್ಟಿದ್ದಾರೆ. ಕನ್ನಡಿಯಾಟಕ್ಕೆ ಕಿವಿ ಏಕೆ ಬೇಕು? ಕಾಕಾ ಇಲ್ಲದ ರುಮಾಲನ್ನು ಗಾಳಿಯಲ್ಲಿ ಹಿಡಿದು, ಒಂದು ತುದಿ ಹಲ್ಲಿನಲ್ಲಿ ಕಚ್ಚಿ, ನಿಧಾನವಾಗಿ ಒಂದೊಂದೇ ಸುತ್ತು ಸುತ್ತತೊಡಗಿದರು. ಎದುರಿಗಿದ್ದ ನಾನೂ ಸುತ್ತಿದೆ. ಕೊನೆಗೆ ಚುಂಗು ಸಿಕ್ಕಿಸಿ, ಅಂಗೈಯಿಂದ ಎರಡು ಬಾರಿ ತಟ್ಟಿ ಸರಿಯಾಯಿತೇ ಎಂದು ನನ್ನನ್ನೇ ಕನ್ನಡಿ ಎಂಬಂತೆ ನೋಡಿದರು. ತಲೆಯಾಡಿಸಿದೆ. ನಕ್ಕುಬಿಟ್ಟರು. ಅವರಿಗೆ ಮುಂದೆ ಎರಡು ಹಲ್ಲಿಲ್ಲ ಎಂಬುದು ನಮಗೆಲ್ಲ ಗೊತ್ತಾದದ್ದೇ ಅವತ್ತು.

ನಾಟಕ ಎಳ್ಳಮಾವಾಸ್ಯೆಯದು. ಹೊಲಕ್ಕೆ ಹೋಗುವುದು, ಭಜ್ಜಿ ಉಣ್ಣುವುದು, ಚರಗ ಚೆಲ್ಲುವುದು, ಅಂದರೆ ಭೂತಾಯಿಗೆಂದು ಕೂಗುತ್ತ ಹೊಲದ ತುಂಬ ಎಡೆ ಎರಚುವುದು. ಕತೆ ಅಷ್ಟೇ. ಎಪ್ಪತ್ತೊಂದರ ಒಬ್ಬ ಅಕ್ಕನಿಗೆ ಬುತ್ತಿ ಕಟ್ಟುವವಳ ಪಾತ್ರ ಕೊಟ್ಟರು. ಅವರು ಒಪ್ಪಲಿಲ್ಲ. "ಐವತ್ತು ವರ್ಷ ರೊಟ್ಟಿ ಬಡಿದಿದ್ದೇನೆ, ನಾಟಕದಲ್ಲೂ ಬಡಿಯಲೇ? ನಾನು ಎತ್ತಾಗುತ್ತೇನೆ." ಆದರು. ಅಂಥ ಎತ್ತನ್ನು ನಾನು ಹೊಲದಲ್ಲೂ ಕಂಡಿಲ್ಲ.

ಚರಗ ಚೆಲ್ಲುವಾಗಿನ ಕೂಗು ಕಾಕಾನದು. ಅದು ಊರಿಗೊಂದು ರೀತಿ. ಆಳಂದದವರದೊಂದು, ಚಿಂಚೋಳಿಯವರದೊಂದು, ಜೇವರ್ಗಿಯವರದು ಮತ್ತೊಂದು. ಯಾವುದು ಸರಿ ಎಂದು ಮುಕ್ಕಾಲು ಗಂಟೆ ಜಗಳವಾಯಿತು, ಒಬ್ಬರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಿದ್ದರು. ಹುಡುಗಿ ಗಾಬರಿಯಾದಳು. ನನಗೆ ಮಾತ್ರ ಹಬ್ಬ. ಮನೆಯಲ್ಲಿ ನಮ್ಮ ಜತೆ ಜಗಳವಾಡುವವರು ಯಾರಿದ್ದಾರೆ ಹೇಳಿ? "ಹೂಂ ಅಜ್ಜಿ" ಎಂದು ಮೊಬೈಲಿಗೆ ಮುಖ ಹಾಕುತ್ತಾರೆ. ನೀನು ಹೇಳುವುದು ತಪ್ಪು ಎಂದು ಯಾರಾದರೂ ಮುಖಕ್ಕೆ ಹೇಳಿ ಎಷ್ಟು ಕಾಲವಾಗಿತ್ತು!

ಇದೆಲ್ಲ ವಯಸ್ಸಾದವರ ಹುಡುಗಾಟ ಎನ್ನುವವರಿಗೆ ಒಂದು ಮಾತು. ಅಮೆರಿಕದಲ್ಲಿ ಹೆಲ್ಗಾ ನೊಯ್ಸ್ ಎಂಬ ಮನೋವಿಜ್ಞಾನಿ, ಟೋನಿ ನೊಯ್ಸ್ ಎಂಬ ರಂಗನಟ, ಗಂಡ ಹೆಂಡತಿ, ಇದನ್ನೇ ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. 2004ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 60ರಿಂದ 86 ವಯಸ್ಸಿನ 124 ಜನರಿದ್ದರು. ಕೆಲವರಿಗೆ ನಾಲ್ಕು ವಾರ ನಟನೆ, ಕೆಲವರಿಗೆ ಚಿತ್ರಕಲೆ, ಉಳಿದವರಿಗೆ ಏನೂ ಇಲ್ಲ. ಏನೂ ಕಲಿಯದವರಿಗಿಂತ ನಟನೆ ಕಲಿತವರ ನೆನಪು, ಸಮಸ್ಯೆ ಬಿಡಿಸುವ ಶಕ್ತಿ, ಮನಸ್ಸಿನ ನೆಮ್ಮದಿ ಸುಧಾರಿಸಿದ್ದವು. ಅವರ ಪಾಠದಲ್ಲಿ ಬಾಯಿಪಾಠವಿಲ್ಲ. ಪಾತ್ರ ಈ ಮಾತನ್ನು ಏಕೆ ಆಡುತ್ತಿದೆ ಎಂದು ಹುಡುಕಿದರೆ ಮಾತು ತಾನಾಗಿ ನೆನಪಿನಲ್ಲಿ ನಿಲ್ಲುತ್ತದೆ ಎಂಬುದು ಅವರ ದಾರಿ. ಮಗ್ಗಿ ಗಿಣಿಪಾಠ ಮಾಡಿಸಿದ ನನಗೆ ಇದನ್ನು ಓದಿ ಸ್ವಲ್ಪ ನಾಚಿಕೆಯಾಯಿತು. ಮಂಡಿನೋವು ಹೋಗುತ್ತದೆ ಎಂದು ಯಾರೂ ಹೇಳಿಲ್ಲ, ನನ್ನದು ಇದ್ದಲ್ಲೇ ಇದೆ.

"ಬಿದ್ದು ಸೊಂಟ ಮುರಿದರೆ ಯಾರು ಹೊಣೆ?" ಎಂದು ಒಬ್ಬರು ಕೇಳಿದರು. ಬೀಳುವವರು ಬಚ್ಚಲಲ್ಲೂ ಬೀಳುತ್ತಾರೆ, ಬಚ್ಚಲಿಗೆ ಬೀಗ ಹಾಕುತ್ತೀರಾ? ಕುರ್ಚಿಯ ಮೇಲೆ ಕೂತೇ ಆಡುವ ಆಟಗಳೂ ಇವೆ, ನಮ್ಮಲ್ಲಿ ಇಬ್ಬರು ಹಾಗೆಯೇ ಆಡಿದರು. "ಭಜನಾ ಮಂಡಳಿ ಇದೆಯಲ್ಲ" ಎಂದರು ಇನ್ನೊಬ್ಬರು. ಇದೆ, ನಾನೂ ಹೋಗುತ್ತೇನೆ. ಆದರೆ ದೇವರು ಎದುರುತ್ತರ ಕೊಡುವುದಿಲ್ಲ. ಬೇಸಿಗೆ ಬಂತೆಂದರೆ ಮಕ್ಕಳಿಗೆ ನಾಟಕದ ಶಿಬಿರ. ಊರಲ್ಲಿ ರಂಗಾಯಣವಿದೆ, ಪಂಡಿತ ರಂಗಮಂದಿರವಿದೆ. ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿ ಬೆಳೆದ ನಮಗೆ ಮಾತ್ರ ಶಾಲು.

ಇಷ್ಟು ಹಾರಾಡುವ ನಾನು ಏನು ಮಾಡಿದ್ದೆ ಎಂದೂ ಬರೆದುಬಿಡುತ್ತೇನೆ. ನಮ್ಮ ಅವ್ವ ಯಾರ ಮಾತಿನ ಧಾಟಿಯನ್ನಾದರೂ ಎತ್ತಿ ಆಡುತ್ತಿದ್ದಳು. ಎಪ್ಪತ್ತೆಂಟರಲ್ಲೂ. ಮಗಳ ಮಾತುಕತೆಗೆ ಬೀಗರು ಬಂದ ದಿನ ಬಸ್ ಕಂಡಕ್ಟರನ ಸೋಗು ಹಾಕಲು ಎದ್ದು ನಿಂತಳು. ನಾನು ಸೆರಗು ಎಳೆದು, "ಸಾಕು ಅವ್ವ, ಕುಳಿತುಕೋ" ಎಂದೆ. ಕುಳಿತಳು. ಬೀಗರು ಹೋದ ಮೇಲೆ, ಕಂಡಕ್ಟರ್ ಮುಂದೇನಂದ ಹೇಳು ಎಂದು ಕೇಳಿದೆ. "ಮರೆತುಹೋಯಿತು" ಎಂದಳು. ಮರೆತಿರಲಿಲ್ಲ.

ಮೊನ್ನೆ ಊಟ ಮುಗಿಸಿ ಕಾಕಾ, ಎತ್ತಾಗಿದ್ದ ಅಕ್ಕ, ನಾನು ಒಂದೇ ಆಟೋದಲ್ಲಿ ಹೊರಟೆವು. ಮೂವರ ಮಡಿಲಲ್ಲೂ ಶಾಲು, ಹಣ್ಣಿನ ಬುಟ್ಟಿ. ಯಾರೂ ಮಾತಾಡಲಿಲ್ಲ. ಜಗತ್ ವೃತ್ತದ ಹತ್ತಿರ ಗಾಡಿಗಳು ಸಿಕ್ಕಿಕೊಂಡು ಆಟೋ ನಿಂತಿತು. ಕಾಕಾ ಶಾಲನ್ನು ತಲೆಗೆ ರುಮಾಲಿನಂತೆ ಸುತ್ತಿ, ಹೊರಗೆ ಕತ್ತು ಚಾಚಿ, ಹದಿನೈದು ದಿನ ಕಾಪಾಡಿಟ್ಟ ತಮ್ಮ ಒಂದೇ ಒಂದು ಮಾತನ್ನು ಕೂಗಿಬಿಟ್ಟರು: "ಹುಲ್ಲುಲ್ಲಿಗೋ..."

ಪಕ್ಕದ ಬೈಕಿನವರು ತಿರುಗಿ ನೋಡಿದರು. ಆಟೋದವನು ತಿರುಗಲೂ ಇಲ್ಲ, ಮುಂದೆ ನೋಡುತ್ತಲೇ "ಚಲ್ಲಂಬ್ರಿಗೋ..." ಎಂದು ಮಾರುತ್ತರ ಕೊಟ್ಟ.

"ತಪ್ಪು," ಎಂದರು ನಮ್ಮ ಎತ್ತು. "ನಮ್ಮೂರಲ್ಲಿ ಹಾಗೆ ಅನ್ನುವುದಿಲ್ಲ."